ತುಟಿಗೆ ತಕ್ಕ ಮಾತು

ಬೀರುವಿನೊಳಗೆ ನಿಂತು ಅವಳು ಆ ಬೆಳಿಗ್ಗೆ ಮೂರನೆಯ ಸಲ ಸಾಯುತ್ತಿದ್ದಳು. ಮೊದಲಿನ ಎರಡು ಸಾವು ಗಂಡನಿಗೆ ಹಿಡಿಸಿರಲಿಲ್ಲ.

“ಇನ್ನೊಂದ್ಸಲ,” ಅಂದ ಅವನು ಹೊರಗಿನಿಂದ. “ಸಾಯೋದೆಲ್ಲ ಚೆನ್ನಾಗೇ ಇದೆ. ಸ್ವಲ್ಪ ಬೇಗ ಸಾಯಿ ಅಷ್ಟೆ. ಅವಳು ಬಾಯಿ ಮುಚ್ಚಿದ ಮೇಲೂ ನೀನು ನರಳ್ತಾನೇ ಇದ್ದೀಯ.”

“ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ರೀ. ಇದೇ ಕೊನೇ ಸಾವು, ಆಮೇಲೆ ಕೇಳ್ಬೇಡಿ.”

ಗಂಟಲು ಸರಿಮಾಡಿಕೊಂಡು ಅವಳು ಹಲಗೆಯ ಮೇಲಿದ್ದ ಅಂಗೈಯಗಲದ ಪರದೆಯನ್ನು ನೋಡುತ್ತ ಕಾದಳು. ಅದರಲ್ಲಿ ಬೆಳ್ಳಿ ಬಣ್ಣದ ಅಂಗಿಯ ಗಗನಯಾತ್ರಿಯೊಬ್ಬಳು ಕುತ್ತಿಗೆ ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಿಂದ ಜಾರಿದಳು. ಅವಳು ನೆಲ ಮುಟ್ಟುವಷ್ಟರಲ್ಲಿ ಇವಳು ಅಚ್ಚುಕಟ್ಟಾಗಿ ಸತ್ತು ಮುಗಿಸಿದಳು.

“ಸೂಪರ್,” ಅಂದ ಗಂಡ.

ಬೀರುವಿನ ಒಂದು ಪಾಲಿನಲ್ಲಿ ಬಟ್ಟೆಗಳಿದ್ದವು, ಇನ್ನೊಂದು ಪಾಲಿನಲ್ಲಿ ಅವಳು. ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿತ್ತು. ಅಂಗಿ ತೂಗುಹಾಕುವ ಕಂಬಿಯಿಂದ ಮೈಕು ಇಳಿಬಿಟ್ಟಿತ್ತು. ನುಸಿಗುಳಿಗೆಯ ವಾಸನೆಗೂ ಬಾಹ್ಯಾಕಾಶಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅವಳು ಉತ್ತರ ಕೊಡಬಲ್ಲವಳಾಗಿದ್ದಳು. ಒಂಬತ್ತು ವರ್ಷದಿಂದ, ನಾಲ್ಕು ಸಿನಿಮಾದಿಂದ, ಅವಳಿಗೆ ನಕ್ಷತ್ರ ಕಂಡರೆ ಮೂಗಿಗೆ ಅದೇ ವಾಸನೆ ಬಡಿಯುತ್ತಿತ್ತು.

ಗಂಡ ನಿರ್ದೇಶಕ. ಬಾಹ್ಯಾಕಾಶದಲ್ಲಿ ರಕ್ತ ಹೀರುವ ಪಿಶಾಚಿಗಳ ಬಗ್ಗೆ ಸಿನಿಮಾ ತೆಗೆಯುವವನು. ‘ಶೂನ್ಯದಲ್ಲಿ ದಾಹ’ ಎಂಬ ಹೆಸರಿನಲ್ಲಿ ಮೂರು ಭಾಗಗಳು ಬಂದಿದ್ದವು, ಇದು ನಾಲ್ಕನೆಯದು. ಮುಚ್ಚಿಹೋದ ಶೀತಲ ಗೋದಾಮೊಂದರಲ್ಲಿ ನೌಕೆ ನಿಂತಿತ್ತು. ಅದರ ಗೋಡೆಗಳು ಬೆಳ್ಳಿ ಬಣ್ಣ ಬಳಿದ ಮೊಟ್ಟೆ ಟ್ರೇಗಳು. ಪಿಶಾಚಿಗಳ ರಾಣಿ ಮುನ್ನೂರು ವರ್ಷ ಮಲಗಿದ್ದ ಶವಪೆಟ್ಟಿಗೆ ಐಸ್‌ಕ್ರೀಮ್ ಅಂಗಡಿಯವನು ಬಿಸಾಡಿದ ಫ್ರೀಜರ್. ಆಸನಗಳು ಮಾತ್ರ ಹೊಚ್ಚ ಹೊಸವು, ಏಕೆಂದರೆ ನಿರ್ಮಾಪಕನಿಗೆ ಪ್ಲಾಸ್ಟಿಕ್ ಕುರ್ಚಿಯ ಕಾರ್ಖಾನೆ ಇತ್ತು. ಎಲ್ಲರೂ ಅವನನ್ನು ಕುರ್ಚಿ ಸಾಹುಕಾರ ಎಂದೇ ಕರೆಯುತ್ತಿದ್ದರು. ಆ ಸಿನಿಮಾಗಳಲ್ಲಿ ಯಾರು ಎಷ್ಟೇ ಆತಂಕದಲ್ಲಿದ್ದರೂ ಸಾಯುವ ಮುಂಚೆ ಒಮ್ಮೆ ಕೂರಲೇಬೇಕಿತ್ತು.

ಹೆಣ್ಣು ದನಿ ಎಲ್ಲಿ ಬೇಕಿದ್ದರೂ ಅವಳದೇ. ನೌಕೆಯ ಕಂಪ್ಯೂಟರು ಅವಳು, ಭೂಮಿಯಲ್ಲಿ ಕಾದಿರುವ ಕಪ್ತಾನನ ತಾಯಿ ಅವಳು, ಕಪ್ತಾನನ ಮಗುವೂ ಅವಳೇ. ಎರಡನೆಯ ಭಾಗದಲ್ಲಂತೂ ಅವಳು ತನ್ನನ್ನು ತಾನೇ ಕಚ್ಚಿ, ತಾನೇ ಕಿರುಚಿ, ‘ಆಮ್ಲಜನಕ ಕಡಿಮೆಯಾಗುತ್ತಿದೆ’ ಎಂದು ತಾನೇ ಎಚ್ಚರಿಸಿದ್ದಳು.

ಗಂಡನ ಕೆಲಸದ ರೀತಿಯೇ ಬೇರೆ. ಚಿತ್ರೀಕರಣದ ಹೊತ್ತಿಗೆ ಮಾತುಗಳು ಬರೆದಾಗಿರುತ್ತಿರಲಿಲ್ಲ. ಬರೆದಿದ್ದರೂ ಕೋರೆಹಲ್ಲು ಸಿಕ್ಕಿಸಿಕೊಂಡು ಯಾರೂ ಅದನ್ನು ನೆಟ್ಟಗೆ ಹೇಳಲಾರರು. ಹಾಗಾಗಿ ನಟರು ಬರೀ ಎಣಿಸುತ್ತಿದ್ದರು. ಕೋಪಕ್ಕೆ ಒಂದರಿಂದ ಹತ್ತು. ಪ್ರೇಮಕ್ಕೂ ಪಶ್ಚಾತ್ತಾಪಕ್ಕೂ ಹನ್ನೊಂದರಿಂದ ಇಪ್ಪತ್ತು, ಯಾಕೆಂದರೆ ಆ ಸಂಖ್ಯೆಗಳು ಉದ್ದ, ಮುಖದಲ್ಲಿ ಭಾವ ತುಂಬಲು ಸಮಯ ಸಿಗುತ್ತದೆ. ಸಾವಿಗೆ ಇಪ್ಪತ್ತೊಂದರಿಂದ ಶುರು, ಉಸಿರಿರುವ ತನಕ. ಆಮೇಲೆ ಗಂಡ ಮೇಜಿನ ಮುಂದೆ ಕೂತು ಮಾತು ಬರೆದು ಬೀರುವಿನೊಳಗೆ ತಳ್ಳುತ್ತಿದ್ದ. ಅದು ತುಟಿಗೆ ಕೂರದಿದ್ದರೆ, “ನೀನೇ ಅಡ್ಜಸ್ಟ್ ಮಾಡ್ಕೋ, ನಿಂಗೆ ಅಭ್ಯಾಸ ಇದೆಯಲ್ಲ,” ಎನ್ನುತ್ತಿದ್ದ.

ಅಭ್ಯಾಸ ಇತ್ತು. ಒಂದರಿಂದ ಹತ್ತು ಎಣಿಸುವ ಬಾಯಿ ಮೂರಕ್ಕೊಮ್ಮೆ, ಒಂಬತ್ತಕ್ಕೊಮ್ಮೆ ಮುಚ್ಚುತ್ತದೆ ಎಂಬುದು ಅವಳಿಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. ಬೀದಿಯಲ್ಲಿ, ಬಸ್ಸಿನಲ್ಲಿ, ಗಾಜಿನ ಬಾಗಿಲಾಚೆ ಮಾತಾಡುವವರ ತುಟಿಯನ್ನು ಅವಳು ತಿಳಿಯದೆಯೇ ಓದಿಬಿಡುತ್ತಿದ್ದಳು. ಬ್ಯಾಂಕಿನ ಗುಮಾಸ್ತೆ ತನ್ನ ಬಗ್ಗೆ ಪಕ್ಕದವಳಿಗೆ ಏನು ಹೇಳಿದಳೆಂಬುದು ಒಮ್ಮೆ ತಿಳಿದು, ಆ ವಾರವೆಲ್ಲ ಕಣ್ಣು ತಗ್ಗಿಸಿಕೊಂಡೇ ನಡೆದಿದ್ದಳು.

ಮೂರನೆಯ ಭಾಗದಲ್ಲಿ ಒಂದು ಘಟನೆ ನಡೆಯಿತು. ರಾಣಿ ಫ್ರೀಜರಿನಿಂದ ಎದ್ದು, ಏಳು ಮಂದಿ ಸಿಬ್ಬಂದಿಯ ಮುಂದೆ ನಿಂತು ಮೊದಲ ಸಲ ಬಾಯಿ ತೆರೆಯುವ ದೃಶ್ಯ. ‘ಮಾನವರೇ, ನಿಮ್ಮ ಅಂತ್ಯ ಸಮೀಪಿಸಿದೆ’ ಎಂದು ಗಂಡ ಬರೆದಿದ್ದ. ಅದು ತುಟಿಗೆ ಒಂದಿಷ್ಟೂ ಕೂರಲಿಲ್ಲ. ಆ ದಿನ ಗಂಡನ ಕಡೆಯ ನೆಂಟರು ಹನ್ನೆರಡು ಜನ ಊಟಕ್ಕೆ ಬಂದಿದ್ದರು. ಅವರನ್ನೆಲ್ಲ ಕಳಿಸಿ ಅವಳು ಬೀರುವಿನೊಳಗೆ ಹೊಕ್ಕಾಗ ಗಂಟೆ ಮೂರು ಹೊಡೆದಿತ್ತು, ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ರಾಣಿಯ ತುಟಿ ನೋಡುತ್ತ ನೋಡುತ್ತ ಬಾಯಿಂದ ತಾನಾಗಿ ಹೊರಬಿತ್ತು:

“ಎಲ್ಲರ ಊಟ ಮುಗೀತಾ? ಸರಿ ಹಾಗಾದ್ರೆ, ಇನ್ನು ನಾನು ಬಡಿಸ್ಕೊತೀನಿ.”

ಮೂರಕ್ಕೂ ಒಂಬತ್ತಕ್ಕೂ ಬೀಗದ ಕೈಯಂತೆ ಕೂತಿತು. “ಏನೋ ಒಂಥರಾ ಇದೆ,” ಅಂದಿದ್ದ ಗಂಡ, “ಇರ್ಲಿ ಬಿಡು, ಹೊತ್ತಾಯ್ತು.”

ಥಿಯೇಟರಿನಲ್ಲಿ ಆ ಮಾತಿಗೆ ಹಿಂದಿನ ಸಾಲಿನ ಹೆಂಗಸರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ ಒಬ್ಬಳು ಚಪ್ಪಾಳೆ ತಟ್ಟಿದಳು. ಎರಡು ವಾರದಲ್ಲಿ ಅದು ಕಾಫಿ ಕುಡಿಯುವ ಮಗ್ಗುಗಳ ಮೇಲೆ ಅಚ್ಚಾಯಿತು. ಪತ್ರಿಕೆಯವಳೊಬ್ಬಳು ಮನೆಗೇ ಬಂದು ಗಂಡನನ್ನು ಕೇಳಿದಳು, “ಹೆಣ್ಣಿನ ಮನಸ್ಸು ನಿಮಗೆ ಇಷ್ಟು ಆಳವಾಗಿ ಹೇಗೆ ಗೊತ್ತು ಸಾರ್?” ಅವನು ಕಿಟಕಿಯಾಚೆ ದಿಟ್ಟಿಸಿ, “ಗಮನಿಸ್ತೀನಿ, ಅಷ್ಟೆ,” ಅಂದ. ಟೀ ತಂದಿಟ್ಟು ಹೋದ ಹೆಂಡತಿ ಕನ್ನಡಕ ಬದಲಿಸಿ ಎಂಟು ದಿನವಾಗಿದ್ದು ಅವನ ಗಮನಕ್ಕಿನ್ನೂ ಬಂದಿರಲಿಲ್ಲ.

ಅವಳಿಗೆ ಸಿಟ್ಟು ಬಂದಿರಲಿಲ್ಲ. ಹೆಸರು ಬೇಕೆಂದೂ ಅನಿಸಿರಲಿಲ್ಲ. ಅನಿಸಿದ್ದು ಬೇರೆ, ಹೇಳಿಕೊಂಡರೆ ನಗೆಪಾಟಲು: ಆರಡಿ ಎತ್ತರದ, ಪ್ಲಾಸ್ಟಿಕ್ ಕಿರೀಟದ, ಕೆಂಪು ಕಣ್ಣಿನ ಆ ಹೆಂಗಸು ಈ ಲೋಕದಲ್ಲಿ ತನ್ನ ಪರವಾಗಿ ಮಾತಾಡುವ ಒಬ್ಬಳೇ ಒಬ್ಬಳು ಎಂದು.

ಹಾಲು ಇಳಿಸಿ ಬರುವಷ್ಟರಲ್ಲಿ ಕುರ್ಚಿ ಸಾಹುಕಾರ ಬಂದು ಕೂತಿದ್ದ. ಅವನ ಭಾರಕ್ಕೆ ಮನೆಯ ಮರದ ಕುರ್ಚಿ ಕಿರುಗುಟ್ಟಿತು; ಅವನು ಅದನ್ನು ಅನುಕಂಪದಿಂದ ನೋಡಿದ.

“ಬಾ ತಂಗಿ. ನಿನ್ನ ಗಂಡನಿಗೆ ಹೇಳ್ತಿದ್ದೆ. ಕೊನೇಲಿ ರಾಣಿ ಸುಮ್ನೆ ಮಂಡಿಯೂರಿ ಏಳ್ತಾಳಲ್ಲ, ಸಾಲಲ್ಲ. ಕ್ಷಮೆ ಕೇಳ್ಬೇಕು.”

“ಯಾರ ಹತ್ರ?” ಅಂದಳು ಅವಳು.

“ಯಾರ ಹತ್ರ ಅಂದ್ರೆ? ಎಲ್ಲರ ಹತ್ರ! ಏಳು ಜನರ ರಕ್ತ ಕುಡಿದಿದ್ದಾಳೆ. ಹೋದ ಸಲ ಆ ಡೈಲಾಗು ಹಿಟ್ ಆಗಿದ್ದೇ ಆಗಿದ್ದು, ನಮ್ಮನೇಲಿ ನನ್ನ ಹೆಂಡ್ತಿ ಊಟಕ್ಕೆ ಕೂರುವಾಗೆಲ್ಲ ನನ್ನ ಕುತ್ತಿಗೆ ನೋಡಿಕೊಂಡು ಅದನ್ನೇ ಹೇಳ್ತಾಳೆ. ತಮಾಷೆಗೇ ಹೇಳೋದು. ಆದ್ರೂ ದಿನಾ ಹೇಳಿದ್ರೆ ತಮಾಷೆ ಅಲ್ಲ.”

ಗಂಡ ನಕ್ಕ. ಸಾಹುಕಾರ ನಗಲಿಲ್ಲ.

“ಅವಳು ಮುನ್ನೂರು ವರ್ಷ ಹಸ್ಕೊಂಡಿದ್ಲು ಅಣ್ಣ,” ಅಂದಳು ಅವಳು.

“ಹಸಿವಾದ್ರೆ ಹೇಳ್ಬೇಕಪ್ಪ, ಕಚ್ಚೋದಾ? ಕ್ಷಮೆ ಕೇಳ್ಲಿ, ಒಳ್ಳೆಯವಳಾಗ್ಲಿ, ಕುಟುಂಬ ಸಮೇತ ನೋಡೋ ಹಾಗಾಗ್ಲಿ. ಟೀಲಿ ಸಕ್ಕರೆ ಒಂದು ಚಮಚ ಸಾಕು ನಂಗೆ.”

ಅವನು ಹೋಗುವ ಮೊದಲೇ ಗಂಡ ಲಕೋಟೆಯೊಂದರ ಬೆನ್ನಿನ ಮೇಲೆ ಬರೆದು ಮುಗಿಸಿದ್ದ. ‘ನನ್ನನ್ನು ಕ್ಷಮಿಸಿ. ನನ್ನ ಹಸಿವೇ ನನ್ನ ತಪ್ಪು. ಇನ್ನೆಂದೂ ನಾನು ಹೀಗೆ ಮಾಡುವುದಿಲ್ಲ.’

ಅವಳು ಲಕೋಟೆ ಹಿಡಿದು ಬೀರುವಿನೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಆ ತುಣುಕನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ರಾಣಿಯ ಪಾತ್ರ ಮಾಡುವವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಟೀಚರು. ಭುಜಗಳು ಹಾಗಿದ್ದವೆಂದೇ ಗಂಡ ಆರಿಸಿದ್ದ. ಪರದೆಯ ಮೇಲೆ ರಾಣಿ ಮಂಡಿಯೂರಿ ತಲೆ ತಗ್ಗಿಸಿದ್ದಳು, ಮುಖವೆಲ್ಲ ಕೂದಲು. ಹನ್ನೊಂದರಿಂದ ಹದಿನೈದರವರೆಗೆ ಕೂದಲೊಳಗೇ ನಡೆಯಿತು, ತುಟಿ ಕಾಣದು. ಆಮೇಲೆ ರಾಣಿ ತಲೆಯೆತ್ತಿದಳು. ಬಾಯಾಡಿತು. ಎದ್ದು ನಿಂತಳು. ಅಷ್ಟೆ.

ಆದರೆ ಆ ಬಾಯಿ ಹದಿನಾರು ಹೇಳಲಿಲ್ಲ.

ಅವಳು ಮತ್ತೆ ಹಾಕಿ ನೋಡಿದಳು. ಹದಿನಾರೂ ಅಲ್ಲ, ಹದಿನೇಳೂ ಅಲ್ಲ. ನಾಲ್ಕನೆಯ ಸಲಕ್ಕೆ ಆ ಬಾಯಿ ಏನು ಹೇಳುತ್ತಿದೆಯೆಂದು ತಿಳಿಯಿತು. ಬೀರುವಿನೊಳಗಿಂದಲೇ ಈಜು ಟೀಚರಿಗೆ ಫೋನು ಹಚ್ಚಿದಳು. ಆ ಕಡೆ ಮಕ್ಕಳ ಕೂಗು, ನೀರಿನ ಸದ್ದು. ಆ ಪ್ರತಿಧ್ವನಿ ಕೇಳಿದರೆ ಅದೇ ನಿಜವಾದ ನೌಕೆಯಂತಿತ್ತು.

“ಹೇಳಿ ಅಕ್ಕಾ. ಏಯ್, ಕೈ ಬಿಡ್ಬೇಡ, ಕಂಬಿ ಹಿಡ್ಕೋ! ನಿಮಗಲ್ಲ ಅಕ್ಕಾ.”

“ಕೊನೇ ಶಾಟಲ್ಲಿ ನೀನು ಹದಿನೈದಾದ ಮೇಲೆ ಎಣಿಸಿಲ್ಲ ಅಲ್ವಾ?”

ಟೀಚರು ದನಿ ತಗ್ಗಿಸಿದಳು. “ಗೊತ್ತಾಗಿಬಿಡ್ತಾ? ಅವರಿಗೆ ಹೇಳ್ಬೇಡಿ. ಹದಿನೇಳನೇ ಟೇಕು ಅದು. ಆ ಗೋದಾಮಲ್ಲಿ ಪಾರಿವಾಳ ಸೇರ್ಕೊಂಡಿವೆಯಲ್ಲ, ಹದಿನಾರು ಸಲವೂ ಬಾಹ್ಯಾಕಾಶದಲ್ಲಿ ಒಂದಲ್ಲ ಒಂದು ಹಾರಿಹೋಯ್ತು. ಹದಿನಾರು ಸಲ ನಾನು ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ಕೊನೇಗೆ ನಿಮ್ಮೆಜಮಾನ್ರಿಗೇ ಹೇಳ್ದೆ, ಕೋರೆಹಲ್ಲು ಇಟ್ಕೊಂಡೇ ಹೇಳ್ದೆ. ಅವರಿಗೆ ಕೇಳಿಸ್ಲಿಲ್ಲ. ಪಶ್ಚಾತ್ತಾಪ ಅದ್ಭುತವಾಗಿ ಬಂತು ಅಂದ್ರು. ಆ ಸಲ ಪಾರಿವಾಳವೂ ಬರ್ಲಿಲ್ಲ, ಅದೇ ಓಕೆ ಆಗಿಹೋಯ್ತು.”

“ನೀನು ಏನು ಹೇಳಿದ್ದು ಅಂತ ನಾನು ಹೇಳ್ಲಾ?” ಅಂದಳು ಅವಳು. “ಸಾಕು. ಮಂಡಿ ನೋಯ್ತಿದೆ. ನಾನು ಏಳ್ತೀನಿ.”

“ಅಯ್ಯೋ ದೇವ್ರೇ,” ಟೀಚರು ಗಟ್ಟಿಯಾಗಿ ನಕ್ಕಳು. “ನೀವೇ ಅಕ್ಕಾ ನಿಜವಾದ ಪಿಶಾಚಿ.”

ಫೋನಿಟ್ಟು ಅವಳು ಲಕೋಟೆ ನೋಡಿದಳು. ಕೆಲಸ ಕೆಲಸವೇ. ಗಂಡನ ಮೂರನೆಯ ವಾಕ್ಯ ತುಟಿಗೆ ಕೂರುತ್ತಿರಲಿಲ್ಲ. ‘ಇನ್ನೆಂದೂ’ ತೆಗೆದು ‘ಇನ್ನು ಮೇಲೆ’ ಎಂದಿಟ್ಟಳು. ‘ಮಂಡಿ’ಗೆ ಮುಚ್ಚಿದ ತುಟಿ ‘ಮೇಲೆ’ಗೂ ಮುಚ್ಚಿತು. ‘ಮಾಡುವುದಿಲ್ಲ’ ತೆಗೆದು ‘ಇರೋದಿಲ್ಲ’ ಎಂದಳು. ಇನ್ನು ಮೇಲೆ ನಾನು ಹೀಗೆ ಇರೋದಿಲ್ಲ. ಪರದೆಯ ಮೇಲಿನ ಹೆಂಗಸು ತಲೆಯೆತ್ತಿ ಅದನ್ನು ಹೇಳಿಯೇಬಿಟ್ಟಳು. ಇಷ್ಟು ಬೇಗ, ಇಷ್ಟು ಸಲೀಸಾಗಿ ಯಾವ ಮಾತೂ ಯಾವ ಬಾಯಿಗೂ ಕೂತಿರಲಿಲ್ಲ. ಅವಳಿಗೆ ಕಸಿವಿಸಿಯಾಯಿತು. ತಪ್ಪಾಯಿತು ಅನ್ನುವುದಕ್ಕೆ ಅಳತೆಯೇ ಬೇಕಿಲ್ಲವೇನೋ, ಯಾವ ಕಾಲಿಗೂ ಆಗುವ ಹವಾಯಿ ಚಪ್ಪಲಿಯ ಹಾಗೆ.

“ರೆಡಿನಾ?” ಅಂದ ಗಂಡ ಹೊರಗಿನಿಂದ.

“ರೀ, ಅವಳು ಕ್ಷಮೆ ಕೇಳಿದ್ರೆ ಹೋದ ಸಿನಿಮಾದಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತಾಗಲ್ವಾ?”

“ಯಾವ್ದು?”

“ಬಡಿಸ್ಕೊತೀನಿ ಅಂದಿದ್ದು.”

“ಅದು ತಮಾಷೆ ಮಾತು ಕಣೇ. ನಾನು ಏನೋ ಅಂದ್ಕೊಂಡು ಬರೆದೆ, ಜನ ಏನೋ ಅಂದ್ಕೊಂಡ್ರು.” ಅವನ ದನಿಯಲ್ಲಿ ಕಪಟವಿರಲಿಲ್ಲ. ತಾನೇ ಬರೆದೆನೆಂದು ಅವನು ಮನಸಾರೆ ನಂಬಿದ್ದ. ಹತ್ತು ಕಡೆ ಹೇಳಿಕೊಂಡ ಮೇಲೆ ಯಾರಿಗಾದರೂ ಹಾಗೇ ಆಗುತ್ತದೆ. “ಸಿನಿಮಾ ಇದು. ಹೇಳು, ಮುಗಿಸೋಣ.”

ಅವಳು ಹೇಳಿದಳು. ಮೊದಲ ಟೇಕಿಗೆ ಅವನು, “ಇನ್ನೂ ಸ್ವಲ್ಪ ಕುಗ್ಗು,” ಅಂದ. ಎರಡನೆಯದಕ್ಕೆ, “ಚೆನ್ನಾಗಿದೆ, ಕಣ್ಣೀರು ಬೇಕು,” ಅಂದ. ಮೂರನೆಯದು ಮುಗಿಯುವ ಹೊತ್ತಿಗೆ ಬೀರುವಿನ ಬಾಗಿಲು ಫಟ್ಟನೆ ತೆರೆದುಕೊಂಡು ಬೆಳಕು ನುಗ್ಗಿತು. ಅತ್ತೆ ನಿಂತಿದ್ದರು. ಅವರ ಶಾಲು ಬೀರುವಿನ ಇನ್ನೊಂದು ಪಾಲಿನಲ್ಲಿತ್ತು. ಯಾವ ಗ್ರಹದಲ್ಲಿ ಯಾರ ಪ್ರಾಣ ಹೋಗುತ್ತಿದ್ದರೂ ಶಾಲು ಬೇಕಾದಾಗ ಅವರು ಬಾಗಿಲು ತೆರೆಯುವವರೇ.

“ಅಮ್ಮಾ!” ಅಂದ ಗಂಡ.

“ನಿಂಗಲ್ಲ.” ಅತ್ತೆ ಸೊಸೆಯ ಒದ್ದೆ ಕಣ್ಣು ನೋಡಿದರು. “ಯಾರ ಹತ್ರ ಕ್ಷಮೆ ಕೇಳ್ತಿದ್ದೀಯೇ ನೀನು?”

“ಇದು ಸಿನಿಮಾದಲ್ಲಿ ಅತ್ತೆ.”

“ಸಿನಿಮಾದಲ್ಲೂನಾ?” ಅಂದರು ಅತ್ತೆ.

ಶಾಲು ಎಳೆದುಕೊಂಡು, ಬಾಗಿಲು ಮುಚ್ಚಿ ಹೋದರು. ಅವರ ಚಪ್ಪಲಿಯ ಸದ್ದು ಹಜಾರದ ಕೊನೆ ಮುಟ್ಟುವವರೆಗೂ ಅವಳು ಕತ್ತಲಲ್ಲಿ ಮೈಕು ಹಿಡಿದು ನಿಂತಿದ್ದಳು. ಮೂವತ್ತೊಂದು ವರ್ಷದಲ್ಲಿ ಅತ್ತೆ ಅವಳನ್ನು ಎಷ್ಟೋ ಪ್ರಶ್ನೆ ಕೇಳಿದ್ದರು, ಬಹುಪಾಲು ಉಪ್ಪಿನ ಬಗ್ಗೆ. ಇಂಥದ್ದೊಂದನ್ನು ಕೇಳಿರಲಿಲ್ಲ. ಅತ್ತೆಯೂ ತಮ್ಮ ಕಾಲದಲ್ಲಿ ಎಷ್ಟು ಮಂದಿಯ ಮುಂದೆ ತುಟಿ ಅಡ್ಜಸ್ಟ್ ಮಾಡಿಕೊಂಡಿದ್ದರೋ, ಲೆಕ್ಕ ಇಟ್ಟವರಿಲ್ಲ.

“ಬಾಗಿಲ ಸದ್ದಿಗಿಂತ ಮುಂಚೇನೇ ಮಾತು ಮುಗಿದಿತ್ತು, ಬಚಾವಾದ್ವಿ,” ಅಂದ ಗಂಡ ಹೆಡ್‌ಫೋನು ತೆಗೆಯುತ್ತ. “ಅದ್ಭುತ ಕಣೇ. ನನ್ನ ಕಣ್ಣಲ್ಲೂ ನೀರು ಬಂತು. ನಾನು ಪೋಸ್ಟರಿನವನ ಹತ್ರ ಹೋಗಿ ಬರ್ತೀನಿ. ಉಳಿದಿದ್ದು ನೀನು ಜೋಡಿಸಿಬಿಡು.”

ಉಳಿದದ್ದೆಂದರೆ ದನಿ, ಚಿತ್ರ, ಸಂಗೀತವನ್ನೆಲ್ಲ ಕೂಡಿಸಿ ಥಿಯೇಟರಿಗೆ ಕಳಿಸುವುದು. ಗಂಡ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಮೊದಲ ಭಾಗವನ್ನು ಬಿಡುಗಡೆಯ ಹಿಂದಿನ ದಿನ ಪೂರ್ತಿ ನೋಡಿದ್ದ, ಮರುದಿನ ಥಿಯೇಟರಿನ ಪ್ರೊಜೆಕ್ಟರು ಸುಟ್ಟುಹೋಗಿತ್ತು. ಅಂದಿನಿಂದ ಅವನಿಗೊಂದು ವ್ರತ: ಜೋಡಿಸಿದ ಸಿನಿಮಾವನ್ನು ಮೊದಲ ಆಟದಲ್ಲಿ, ಜನರ ನಡುವೆ ಕೂತೇ ನೋಡುವುದು. ವಿಜ್ಞಾನದ ಸಿನಿಮಾ ತೆಗೆಯುವವನಾದರೂ ಈ ವಿಷಯದಲ್ಲಿ ಅವನು ಮಾತು ಕೇಳುತ್ತಿರಲಿಲ್ಲ.

ಅವನು ಹೋದ ಮೇಲೆ ಅವಳು ಗಗನಯಾತ್ರಿಯ ಸಾವನ್ನು ಅದರ ಜಾಗದಲ್ಲಿ ಕೂರಿಸಿದಳು. ಕಂಪ್ಯೂಟರಿನ ಎರಡು ಎಚ್ಚರಿಕೆ ಸೇರಿಸಿದಳು. ಕೊನೆಯ ದೃಶ್ಯ ಬಂತು. ಕ್ಷಮೆಯ ಮೂರನೆಯ ಟೇಕು ಹಾಕಿ ನೋಡಿದಳು. ಚೆನ್ನಾಗಿಯೇ ಇತ್ತು, ತನ್ನ ದನಿ ಎಂದು ಗೊತ್ತಿರದಿದ್ದರೆ ತಾನೂ ಆ ಹೆಂಗಸನ್ನು ಕ್ಷಮಿಸಿಬಿಡುತ್ತಿದ್ದಳು. ಅದಕ್ಕೇ ಭಯವಾಯಿತು. ಮುನ್ನೂರು ವರ್ಷ ಫ್ರೀಜರಿನಲ್ಲಿ ಮಲಗಿ, ಎದ್ದು ಒಂದೇ ಒಂದು ಸಲ ಬಡಿಸಿಕೊಂಡು, ಅದಕ್ಕೂ ತಪ್ಪಾಯಿತೆಂದು ಮಂಡಿಯೂರಿದ ಮೇಲೆ ಐದನೆಯ ಭಾಗದಲ್ಲಿ ಅವಳು ಏನು ಮಾಡುತ್ತಾಳೆ? ಎಲ್ಲರಿಗೂ ಟೀ ತಂದುಕೊಡುತ್ತಾಳೆ, ಒಂದು ಚಮಚ ಸಕ್ಕರೆ ಹಾಕಿ.

ಅವಳು ಎದ್ದು ಬೀರುವಿನೊಳಗೆ ನಿಂತಳು. ರಾಣಿಗಾಗಿ ಮೂರನೆಯ ಭಾಗದಿಂದಲೂ ಹೊಟ್ಟೆಯಿಂದ ತೆಗೆಯುತ್ತಿದ್ದ ದಪ್ಪ ದನಿಯನ್ನು ಹುಡುಕಿದಳು, ಬಿಟ್ಟಳು. ಹಾಲಿನವನ ಹತ್ತಿರ, ಪಕ್ಕದ ಮನೆಯವಳ ಹತ್ತಿರ ಮಾತಾಡುವ ದನಿಯಲ್ಲೇ, ಪರದೆಯ ಮೇಲಿನ ತಲೆ ಮೇಲೆದ್ದ ಕೂಡಲೇ ಹೇಳಿದಳು.

“ಸಾಕು. ಮಂಡಿ ನೋಯ್ತಿದೆ. ನಾನು ಏಳ್ತೀನಿ.”

ರಾಣಿ ಎದ್ದು ನಿಂತಳು. ಅಷ್ಟು ಎತ್ತರದವಳು ಎಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ.

ಮೇಜಿಗೆ ಮರಳಿದಾಗ ಎರಡೂ ದನಿ ಪಕ್ಕಪಕ್ಕದಲ್ಲಿದ್ದವು, ಒಂದು ಹನ್ನೆರಡು ಸೆಕೆಂಡು, ಇನ್ನೊಂದು ನಾಲ್ಕು. ಒಂದನ್ನು ಹಾಕಿದರೆ ಮನೆಯಲ್ಲಿ ಏನೂ ಆಗುವುದಿಲ್ಲ. ಇನ್ನೊಂದನ್ನು ಹಾಕಿದರೆ ಶುಕ್ರವಾರ ಮೊದಲ ಆಟದಲ್ಲಿ, ಜನರ ನಡುವೆ ಕೂತು, ಗಂಡ ಕೇಳಿಸಿಕೊಳ್ಳುತ್ತಾನೆ. ಅವನು ಬೈಯಬಹುದು. ಬೈಯದೆ, ಪತ್ರಿಕೆಯವರು ಬಂದರೆ, ಇದನ್ನೂ ತಾನೇ ಗಮನಿಸಿದೆ ಎನ್ನಬಹುದು. ಅದಕ್ಕೇ ಸಂಭವ ಹೆಚ್ಚು. ಸಾಹುಕಾರನ ಮನೆಯ ಊಟದ ಮೇಜಿನಲ್ಲಿ ಏನಾಗಬಹುದೆಂದು ಯೋಚಿಸಿ ಅವಳಿಗೆ ಸಣ್ಣಗೆ ನಗು ಬಂತು.

ಫೋನು ಬಂತು, ಗಂಡನದು. ಹಿಂದೆ ಅಚ್ಚಿನ ಯಂತ್ರದ ಸದ್ದು.

“ನೋಡೇ, ಪೋಸ್ಟರಲ್ಲಿ ಕೆಳಗೆ ದೊಡ್ಡದಾಗಿ ‘ರಾಣಿಯ ಪಶ್ಚಾತ್ತಾಪ’ ಅಂತ ಹಾಕ್ಸೋಣ ಅಂತಿದ್ದೀನಿ. ಕೆಂಪಕ್ಷರದಲ್ಲಿ. ಏನಂತೀಯ?”

“ಕೆಂಪು ಬೇಡ, ಓದೋಕಾಗಲ್ಲ,” ಅಂದಳು. “ಹಳದಿ ಹಾಕ್ಸಿ.”

“ಹಳದಿ. ಸರಿ. ಎಲ್ಲ ಜೋಡಿಸ್ತಾ ಇದ್ದೀಯ ತಾನೇ?”

“ಹ್ಞೂಂ. ಕೊನೇದೊಂದು ಇದೆ.”

ಫೋನು ಕಿವಿಗೆ ಭುಜದಿಂದ ಒತ್ತಿಕೊಂಡೇ ಅವಳು ಹನ್ನೆರಡು ಸೆಕೆಂಡಿನದನ್ನು ತೆಗೆದು, ನಾಲ್ಕು ಸೆಕೆಂಡಿನದನ್ನು ರಾಣಿಯ ಬಾಯಿಗೆ ಸೇರಿಸಿದಳು. ಬರುವಾಗ ಬ್ರೆಡ್ಡು ತರಬೇಕೇ ಎಂದು ಗಂಡ ಕೇಳುತ್ತಿದ್ದ. ತನ್ನಿ, ಅಂದಳು.